ತಪ್ಪು ಸೈಕಲ್ಲಿನದಲ್ಲ

ಮೊದಲು ನಡುಗಿದ್ದು ಸೌಟು ಹಿಡಿದ ಕೈ. ಆಗ ನಾನು ಸೈಕಲ್ ಮೇಲೆ ಇರಲಿಲ್ಲ. ಅಡುಗೆಮನೆಯಲ್ಲಿ, ಬೆಳಗಿನ ಒಂಬತ್ತೂವರೆಗೆ, ಗಂಜಿಯ ಪಾತ್ರೆಯ ಮುಂದೆ ನಿಂತಿದ್ದೆ. ಇದನ್ನು ಮೊದಲೇ ಬರೆದಿಡುತ್ತೇನೆ, ಯಾಕೆಂದರೆ ಅನ್ವಿತಾ, ಪ್ರಥಮ್, ನಿಮ್ಮಿಬ್ಬರಿಗೂ ಫೋನಿನಲ್ಲಿ ತಲುಪಿದ ಸುದ್ದಿ ಬೇರೆ. ಅಜ್ಜಿ ಸೈಕಲ್ಲಿಂದ ಬಿದ್ದು ಆಸ್ಪತ್ರೆ ಸೇರಿದಳು ಎಂದು ಮಂಗಳೂರಿನ ಹಾಸ್ಟೆಲಿಗೂ ಹೋಯಿತು, ಮುಂಬೈಗೂ ಹೋಯಿತು.

ನಾನು ಬಿದ್ದಿಲ್ಲ.

ಬ್ರೇಕ್ ಹಿಡಿದೆ. ಇಳಿದೆ. ಸ್ಟ್ಯಾಂಡ್ ಹಾಕಿದೆ. ಆಮೇಲೆ ನೆಲದ ಮೇಲೆ ಕುಳಿತೆ. ಸೈಕಲ್ಲಿಗೆ ಒಂದು ಗೀರು ಬಿದ್ದಿಲ್ಲ, ಬೇಕಾದರೆ ಬಂದು ನೋಡಿ. ಆದರೂ ಆಸ್ಪತ್ರೆಯಿಂದ ಬಂದ ದಿನವೇ ಮಗ ಸುಧಾಕರ ಅದಕ್ಕೆ ಬೀಗ ಹಾಕಿ, ಕೀಲಿಯನ್ನು ಕಪಾಟಿನೊಳಗೆ ಇಟ್ಟ. ಆಗ ಬಾಯಲ್ಲಿ ಹೇಳಲಾಗದ್ದನ್ನು ಈಗ ಬರೆಯುತ್ತಿದ್ದೇನೆ. ಏಳನೆಯ ತರಗತಿಯವರೆಗೆ ಕಲಿತವಳು ನಾನು, ತಪ್ಪಿದ್ದರೆ ತಿದ್ದಿಕೊಳ್ಳಿ.

ನನಗೆ ಸಕ್ಕರೆ ಕಾಯಿಲೆ ಇದೆ ಎಂದು ಗೊತ್ತಾಗಿ ಎರಡು ವರ್ಷವಾಯಿತು. ಕುಂದಾಪುರದ ಡಾಕ್ಟರು ದಿನಾ ನಡೆಯಿರಿ ಎಂದರು. ನಡೆದರೆ ಹಿಮ್ಮಡಿ ನೋವು. ಜಗಲಿಯಲ್ಲಿ ಅನ್ವಿತಾಳ ಸೈಕಲ್ ನಿಂತಿತ್ತು, ಎಂಟನೆಯ ತರಗತಿಯಲ್ಲಿ ಸರ್ಕಾರ ಕೊಟ್ಟದ್ದು. ಅವಳು ಕಾಲೇಜಿಗೆ ಹೋದ ಮೇಲೆ ಅದರ ಮೇಲೆ ಕೋಳಿ ಕೂರುತ್ತಿತ್ತು. ಹಂಗಾರಕಟ್ಟೆಯ ನನ್ನ ತವರಿನಲ್ಲಿ, ಹುಡುಗಿಯಾಗಿದ್ದಾಗ, ಅಣ್ಣನ ದೊಡ್ಡ ಸೈಕಲ್ಲಿನ ಅಡ್ಡಕಂಬಿಯ ಕೆಳಗೆ ಕಾಲು ತೂರಿಸಿ ತುಳಿದದ್ದು ನೆನಪಿತ್ತು. ಮದುವೆಯಾದ ಮೇಲೆ ಮುಟ್ಟಿರಲಿಲ್ಲ. ತೊಂಬತ್ತೇಳರಲ್ಲಿ ನಿಮ್ಮ ಅಜ್ಜ ತೀರಿಕೊಂಡರು. ಆಮೇಲೆ ಹದಿನೈದು ವರ್ಷ ಗೇರುಬೀಜದ ಕಾರ್ಖಾನೆಗೆ ನಡೆದೇ ಹೋದೆ, ನಡೆದೇ ಬಂದೆ. ನಾಲ್ಕು ಜನ ಎದುರು ಬಂದರೆ ರಸ್ತೆಯ ಅಂಚಿಗೆ ಸರಿಯುವವಳು ನಾನು. ಸೈಕಲ್ಲಿನ ಮೇಲೆ ಆ ತೊಂದರೆ ಇರಲಿಲ್ಲ. ಯಾರಾದರೂ ನೋಡಿ ಮುಗಿಸುವುದರೊಳಗೆ ದಾಟಿ ಹೋಗಿರುತ್ತಿದ್ದೆ.

ಮೊದಲು ಹಾಲಿನ ಡೈರಿಯವರೆಗೆ. ಆಮೇಲೆ ಹೆಮ್ಮಾಡಿ ಪೇಟೆಯವರೆಗೆ. ಅಲ್ಲಿ ಒಂದು ಭಾನುವಾರ ಸುಮಿತ್ರಾ ಟೀಚರ್ ಕಣ್ಣಿಗೆ ಬಿದ್ದೆ. ಭಾನುವಾರ ಬೆಳಿಗ್ಗೆ ಸೈಕಲ್ ತುಳಿಯುವ ಏಳೆಂಟು ಜನರ ಗುಂಪೊಂದಿದೆ, ಅದರಲ್ಲಿ ಅವರೊಬ್ಬರೇ ಹೆಂಗಸು. "ಅಕ್ಕ, ನಂಗೂ ಒಂದ್ ಜೊತಿ ಆಯ್ತ್, ಬನ್ನಿ" ಎಂದರು. ಮೊದಲ ವಾರ ಕೋಟೇಶ್ವರ. ತಿಂಗಳ ಮೇಲೆ ಸಾಲಿಗ್ರಾಮ. ಮಳೆ ಬಿಟ್ಟ ಮೇಲೆ ಬ್ರಹ್ಮಾವರದವರೆಗೂ ಹೋಗಿ ಬಂದೆ. ಮನೆಯಲ್ಲಿ ಹೇಳಿದರೆ ಸೊಸೆ ಪ್ರೇಮಾ ನಂಬಲಿಲ್ಲ, ಟೀಚರಿಗೆ ಫೋನ್ ಮಾಡಿ ಕೇಳಿದಳು. ಗುಂಪಿನಲ್ಲಿ ಬ್ಯಾಂಕಿನ ಭಾಸ್ಕರ ಎಂಬುವವರು ಕುಶಾಲು ಮಾಡುವವರು. "ನಮ್ದ್ ಇಪ್ಪತ್ತೊಂದ್ ಗೇರ್, ಅಕ್ಕಂದ್ ಒಂದೇ ಗೇರ್. ಆದ್ರೂ ನಾವ್ ಚಾ ಕುಡ್ದ್ ಏಳುದ್ರೊಳಗೆ ಬಂದ್ ಮುಟ್ತ್ರ್ ಕಾಣಿ" ಎನ್ನುತ್ತಿದ್ದರು.

ಮೂರು ತಿಂಗಳಿಗೊಮ್ಮೆ ಪರೀಕ್ಷೆ ಮಾಡಿಸುತ್ತಿದ್ದೆ. ಸಕ್ಕರೆ ಇಳಿದಿರಲಿಲ್ಲ ಎಂದು ಡಾಕ್ಟರು ಮಾತ್ರೆ ಬದಲಿಸಿದರು. ಹೊಸ ಮಾತ್ರೆ ಜೋರಿನದು. ಬೆಳಿಗ್ಗೆ, ಬಿಫೋರ್ ಫುಡ್, ಎಂದು ಬರೆದುಕೊಟ್ಟರು. ನಾನು ಅವರು ಹೇಳಿದ ಹಾಗೆಯೇ ಮಾಡಿದೆ. ಬೆಳಿಗ್ಗೆ ಆರೂವರೆಗೆ, ಸಕ್ಕರೆ ಹಾಕದ ಚಾದ ಜೊತೆ ನುಂಗಿದೆ. ನೀವು ದೋಸೆ, ಇಡ್ಲಿ ತಿಂದು ಬೆಳೆದವರು. ನಮ್ಮ ಕಾಲದವರಿಗೆ ಬೆಳಿಗ್ಗೆ ಒಂದು ಲೋಟ ಚಾ, ಹತ್ತು ಗಂಟೆಗೆ ಕುಚ್ಚಲಕ್ಕಿ ಗಂಜಿ, ಜೊತೆಗೆ ಮಿಡಿ ಉಪ್ಪಿನಕಾಯಿ. ನಡುವೆ ಏನೂ ಇಲ್ಲ. ಒಂಬತ್ತೂವರೆಗೆ ಕೈ ನಡುಗತೊಡಗಿದ್ದು ಆಗಲೇ. ಹಸಿವು ಎಂದುಕೊಂಡೆ. ಗಂಜಿ ಉಂಡರೆ ಸರಿಹೋಗುತ್ತಿತ್ತು. ಸರಿಹೋಗುವ ಕಾಯಿಲೆಯನ್ನು ಯಾರಿಗೆ ಹೇಳುವುದು?

ಡಿಸೆಂಬರಿನ ಆ ಭಾನುವಾರ ಬೈಂದೂರಿಗೆ ಹೊರಟೆವು. ನಾನು ಅಲ್ಲಿಯವರೆಗೆ ಹೋದದ್ದು ಅದೇ ಮೊದಲು. ಬೇಗ ಹೊರಡಬೇಕೆಂದು ಮಾತ್ರೆಯನ್ನು ಐದೂವರೆಗೇ ನುಂಗಿದ್ದೆ. ಪ್ರೇಮಾ ಎರಡು ಬಾಳೆಹಣ್ಣು ಬುಟ್ಟಿಗೆ ಹಾಕಿದ್ದಳು. ಮರವಂತೆಯಲ್ಲಿ ಒಂದು ಕಡೆ ಸಮುದ್ರ, ಒಂದು ಕಡೆ ಹೊಳೆ, ನಡುವೆ ನಾನು, ಬೆನ್ನಿಗೆ ತಂಪು ಗಾಳಿ. ಅಷ್ಟು ಖುಷಿ ನನಗೆ ಗೇರುಬೀಜದ ಕಾರ್ಖಾನೆಯ ಬೋನಸ್ ಬಂದ ದಿನವೂ ಆಗಿರಲಿಲ್ಲ.

ಬೈಂದೂರಿನಲ್ಲಿ ಎಲ್ಲರೂ ಹೋಟೆಲಿಗೆ ನುಗ್ಗಿದರು. ಸುಮಿತ್ರಾ ಟೀಚರ್ ಬಾಗಿಲಲ್ಲಿ ನಿಂತು ಕರೆದರು.

"ಅಕ್ಕ, ಬನ್ನಿ, ಎರಡ್ ಇಡ್ಲಿ ತಿಂಬ."

"ಇಲ್ಲೆ ಟೀಚರೆ, ಇವತ್ ನಂದ್ ಒಪ್ಪತ್ತ್" ಎಂದೆ.

ಸುಳ್ಳು. ಅಂದು ನನಗೆ ಒಪ್ಪತ್ತೂ ಇರಲಿಲ್ಲ, ಉಪವಾಸವೂ ಇರಲಿಲ್ಲ. ಒಂದೇ ಮೇಜಿನ ಸುತ್ತ ಆರು ಗಂಡಸರು ಕುಳಿತಿದ್ದರು. ಅವರೆದುರು ಬಾಯಿ ತೆರೆದು ತಿನ್ನಲು ನನ್ನಿಂದ ಆಗುತ್ತಿರಲಿಲ್ಲ. ಮದುವೆ ಮನೆಯಲ್ಲೂ ಕೊನೆಯ ಪಂಕ್ತಿಯಲ್ಲಿ, ಕಂಬದ ಮರೆಯಲ್ಲಿ ಕುಳಿತು ಉಣ್ಣುವವಳು ನಾನು. ಬಾಳೆಹಣ್ಣನ್ನಾದರೂ ತಿನ್ನಬಹುದಿತ್ತು. ಬಸ್ಸಿಗೆ ಕಾಯುವವರೆಲ್ಲ ನೋಡುತ್ತಿದ್ದರು. ಸೈಕಲ್ ಕಾಯುವವಳಂತೆ ಹೊರಗೆ ನಿಂತೆ.

ವಾಪಸ್ ಬರುವಾಗ ನಾವುಂದ ದಾಟಿದ ಮೇಲೆ ಕಾಲು ನನ್ನದಲ್ಲ ಅನ್ನಿಸಿತು. ಬೆವರು ಕಣ್ಣಿಗೆ ಇಳಿಯಿತು. ತ್ರಾಸಿಯಲ್ಲಿ ಒಂದು ಎಳನೀರು ಅಂಗಡಿ. ಅದರ ಮುಂದೆ ಇಳಿದು ಸ್ಟ್ಯಾಂಡ್ ಹಾಕಿದ್ದು ನೆನಪಿದೆ. ಕುಳಿತದ್ದೂ ನೆನಪಿದೆ. ಗುಂಪು ಮುಂದೆ ಹೋಗಿತ್ತು. ಅಂಗಡಿಯ ಮುಂದೆ ನಿಂತಿದ್ದವರು ಏನೋ ಕೇಳಿದರು. ಉತ್ತರ ಹೇಳಲು ಹೋದರೆ ನಾಲಿಗೆ ಹೊರಳಲಿಲ್ಲ.

"ಹ್ವಾಯ್, ಈ ಅಮ್ಮ ಕುಡ್ದ್ ಬಂದಿರ್ ಕಾಣಿ" ಎಂದ ಒಬ್ಬ.

ಕುಡಿದು.

ಆ ಮಾತು ಮಾತ್ರ ಸ್ಪಷ್ಟವಾಗಿ ಕೇಳಿತು. ಅವರು ನಕ್ಕದ್ದೂ ಕೇಳಿತು. ಅರವತ್ತೆರಡು ವರ್ಷ ಬದುಕಿ, ಮದುವೆ ಮನೆಯ ಪಾನಕವನ್ನೂ ತಿರುಗಿ ಕುಳಿತು ಕುಡಿದವಳಿಗೆ ಆ ಮಾತು. ಎಳನೀರು ಗೊಂಚಲು ಗೊಂಚಲು ತೂಗುತ್ತಿತ್ತು. ಒಂದನ್ನು ಕೆತ್ತಿ ಕೊಡಲು ಯಾರ ಕೈಯೂ ಏಳಲಿಲ್ಲ.

ಆಮೇಲಿನದು ಸುಮಿತ್ರಾ ಟೀಚರ್ ಹೇಳಿದ್ದು. ನಾನು ಕಾಣುತ್ತಿಲ್ಲವೆಂದು ಅವರು ತಿರುಗಿ ಬಂದಾಗ, ಮೀನಿನ ಬುಟ್ಟಿ ಇಟ್ಟುಕೊಂಡು ಬಸ್ಸಿಗೆ ಕಾಯುತ್ತಿದ್ದ ಹೆಂಗಸೊಬ್ಬಳು ನನ್ನ ತಲೆಯನ್ನು ತನ್ನ ಹೆಗಲಿಗೆ ಒರಗಿಸಿಕೊಂಡು ಕುಳಿತಿದ್ದಳಂತೆ. ನನ್ನ ಬಾಯಿಗೆ ಪೆಪ್ಪರ್‌ಮೆಂಟು ಇಡುತ್ತ ಆ ಗಂಡಸರಿಗೆ ಬೈಯುತ್ತಿದ್ದಳಂತೆ: "ಕುಡ್ದದ್ದಲ್ಲ ಮಾರಾಯ್ರೆ, ಸಕ್ರಿ ಇಳ್ದದ್. ನಮ್ಮನಿಯವ್ರಿಗೂ ಹೀಂಗೇ ಆತ್ತ್. ನಗಾಡ್ತ ನಿಂತ್ಕಂಬುಕೆ ನಾಚ್ಕಿ ಆತಿಲ್ಯಾ?" ಅವಳ ಹೆಸರು ಯಾರೂ ಕೇಳಿಕೊಳ್ಳಲಿಲ್ಲ. ಬಸ್ಸು ಬಂತು, ಹೋದಳು.

ಆಸ್ಪತ್ರೆಯಲ್ಲಿ ಸಕ್ಕರೆ ನೋಡಿದಾಗ ನಲವತ್ತೊಂದು. ಡ್ರಿಪ್ ಹಾಕಿದರು. ಎರಡು ದಿನ ಅಡ್ಮಿಟ್. ಕಣ್ಣು ತೆರೆದಾಗ ನನ್ನ ಒಂದು ಬದಿಗೆ ಡಾಕ್ಟರು, ಇನ್ನೊಂದು ಬದಿಗೆ ಸುಧಾಕರ. ನಡುವೆ ನಾನು ಮಲಗಿದ್ದೆ. ಮಾತು ನನ್ನ ಮೇಲಿನಿಂದ ಆ ಕಡೆ ಈ ಕಡೆ ಹೋಗುತ್ತಿತ್ತು.

"ಈ ವಯಸ್ಸಿನವರನ್ನ ಸೈಕಲ್ಲಲ್ಲಿ ಬೈಂದೂರಿಗೆ ಕಳಿಸ್ತೀರಲ್ಲ, ನಿಮಗೆ ಗೊತ್ತಾಗೋದಿಲ್ವಾ?"

"ಇನ್ ಬಿಡುದಿಲ್ಲೆ ಡಾಕ್ಟ್ರೆ" ಎಂದ ಸುಧಾಕರ, ಶಾಲೆಯ ಹುಡುಗನ ಹಾಗೆ.

ಮಾತ್ರೆಯನ್ನು ಅರ್ಧ ಮಾಡಿದರು. ಡಿಸ್ಚಾರ್ಜ್ ಕಾಗದದಲ್ಲಿ ಸೈಕಲ್ ಬೇಡ ಎಂದು ಇಂಗ್ಲಿಷಿನಲ್ಲಿ ಬರೆದರು. ಮಕ್ಕಳೇ, ಆ ಎರಡು ದಿನದಲ್ಲಿ ನನ್ನ ರಕ್ತ ಎಂಟು ಸಲ ತೆಗೆದರು. ಬಿಪಿ ನೋಡಿದರು, ಇಸಿಜಿ ಮಾಡಿದರು, ಕಣ್ಣಿಗೆ ಟಾರ್ಚ್ ಬಿಟ್ಟರು. ಊಟ ಎಷ್ಟು ಹೊತ್ತಿಗೆ ಮಾಡುತ್ತೀರಿ ಎಂದು ಒಬ್ಬರೂ ಕೇಳಲಿಲ್ಲ.

ನಾನೂ ಹೇಳಲಿಲ್ಲ, ಅದು ನಿಜ. ಹೇಳಲು ಹೊರಟರೆ ಒಪ್ಪತ್ತಿನ ಸುಳ್ಳೂ ಹೊರಗೆ ಬರುತ್ತಿತ್ತು. ಅದಕ್ಕಿಂತ ಸೈಕಲ್ ಬೈಸಿಕೊಳ್ಳಲಿ ಎಂದು ಸುಮ್ಮನಾದೆ. ಅದಕ್ಕೆ ಬಾಯಿ ಇಲ್ಲವಲ್ಲ.

ಮನೆಗೆ ಮರಳಿದ ಮೇಲೆ ನೋಡಲು ಬಂದವರೆಲ್ಲ ಒಂದೊಂದು ಮಾತು ಇಟ್ಟು ಹೋದರು. ನಿಮ್ಮ ಅಜ್ಜನ ತಂಗಿ ಕಿತ್ತಳೆ ಹಣ್ಣು ತಂದಿದ್ದಳು. ಕುಳಿತವಳೇ, "ಗಂಡ ಇಲ್ದಿದ್ ಹೆಂಗ್ಸಿಗೆ ಈ ಪ್ರಾಯದಲ್ ಸೈಕಲ್ ಎಂತಕ್ಕೆ ಅತ್ತಿಗೆ? ಮನಿ ಮರ್ವಾದಿ ಕಾಣ್ಕಲ್ದಾ?" ಎಂದಳು. ಗಂಡನಿಗೂ ಸಕ್ಕರೆಗೂ ಏನು ಸಂಬಂಧ ಎಂದು ಕೇಳಬೇಕೆನ್ನಿಸಿತು. ಅವಳಿಗೆ ಚಾ ಮಾಡಿ ಕೊಟ್ಟೆ. ಸಕ್ಕರೆ ಒಂದು ಚಮಚ ಜಾಸ್ತಿಯೇ ಹಾಕಿದೆ.

ಅದೇ ವಾರ ಪ್ರೇಮಾ ಜಗಲಿ ಗುಡಿಸುತ್ತ ಸೈಕಲ್ ಬುಟ್ಟಿಯಿಂದ ಎರಡು ಕಪ್ಪಾದ ಬಾಳೆಹಣ್ಣು ತೆಗೆದುಕೊಂಡು ಒಳಗೆ ಬಂದಳು.

"ಅತ್ತೆ, ಇದ್ ನಾನ್ ಅವತ್ತ್ ಹಾಕದ್ದಲ್ದಾ? ನೀವ್ ತಿನ್ಲೇ ಇಲ್ಯಾ?"

ನಾನು ಪಾತ್ರೆ ತೊಳೆಯುತ್ತಿದ್ದೆ. ನೀರಿನ ಸದ್ದಿಗೆ ಕೇಳಿಸದವಳಂತೆ ಇದ್ದೆ. ಅವಳು ಹಣ್ಣನ್ನು ತೆಂಗಿನ ಬುಡಕ್ಕೆ ಹಾಕಿದಳು. ಮತ್ತೆ ಕೇಳಲಿಲ್ಲ.

ಜನವರಿಯಲ್ಲಿ ಸೇವಂತಿಗೆ ಅರಳಿತು. ಸಂಕ್ರಾಂತಿಯ ಹಿಂದಿನ ದಿನ ಹಿತ್ತಿಲಲ್ಲಿ ಹೂ ಕೊಯ್ಯುತ್ತಿದ್ದೆ. ಒಂಬತ್ತೂವರೆ ಆಗಿರಬೇಕು. ಬೆವರು. ಬೆರಳು ನಡುಗಿ ಹೂವು ಮಡಿಲಿನಿಂದ ಚೆಲ್ಲಿತು. ಪ್ರೇಮಾ ಓಡಿ ಬಂದು ಬೆಲ್ಲ ತಿನ್ನಿಸಿ ನೀರು ಕುಡಿಸಿದಳು. ಗಿಡಗಳ ನಡುವೆ ಕುಳಿತೇ ಜಗಲಿಯ ಕಡೆ ನೋಡಿದೆ. ಸೈಕಲ್ ಬೀಗ ಹಾಕಿಸಿಕೊಂಡು ಅಲ್ಲೇ ನಿಂತಿತ್ತು. ಆರು ವಾರದಿಂದ ಚಕ್ರ ತಿರುಗಿರಲಿಲ್ಲ.

ನನಗೆ ಸಿಟ್ಟು ಬಂತು.

ಅಷ್ಟು ಸಿಟ್ಟು ನನ್ನೊಳಗೆ ಇದೆಯೆಂದು ನನಗೇ ಗೊತ್ತಿರಲಿಲ್ಲ. ನಗಾಡಿದವರ ಮೇಲೆ, ಕೇಳದ ಡಾಕ್ಟರರ ಮೇಲೆ, ಬೀಗ ಹಾಕಿದ ಮಗನ ಮೇಲೆ. ಎಲ್ಲಕ್ಕಿಂತ ಹೆಚ್ಚಾಗಿ, ಎರಡು ಬಾಳೆಹಣ್ಣಿಗೆ ಹೆದರಿದ ಈ ಮುದುಕಿಯ ಮೇಲೆ. ಅದೇ ದಿನ ಸುಧಾಕರನೊಡನೆ ಆಸ್ಪತ್ರೆಗೆ ಹೋದೆ. ಡಾಕ್ಟರರ ಕೋಣೆಗೆ ಹೋಗುವ ಮೊದಲು ಸಿಸ್ಟರೊಬ್ಬರು ಸಕ್ಕರೆ ನೋಡುತ್ತಾರೆ. ಅಂದು ಇದ್ದವರು ತಲೆ ನರೆತವರು, ನಮ್ಮ ಕಡೆಯವರೇ.

"ಮಾತ್ರಿ ಎಷ್ಟೊತ್ತಿಗೆ ತಕಂಬುದ್ ಅಮ್ಮ?"

"ಆರೂವರಿಗೆ."

"ಆಮೇಲ್ ಎಂತ ತಿಂತ್ರಿ?"

"ಗಂಜಿ."

"ಗಂಜಿ ಎಷ್ಟೊತ್ತಿಗೆ?"

"ಹತ್ ಗಂಟಿಗೆ."

ಅವರು ಪೆನ್ನು ಕೆಳಗಿಟ್ಟರು. "ನಮ್ಮಮ್ಮನೂ ಹೀಂಗೇ ಮಾಡ್ತಿದ್ರ್" ಎಂದರು. "ಮಾತ್ರಿ ತಕಂಡ್ ಅರ್ಧ ಗಂಟಿಯೊಳಗೆ ತಿಂಬ್ಕ್. ಮೂರೂವರಿ ಗಂಟಿ ಹೊಟ್ಟಿಯಲ್ ಎಂತ ಇಲ್ದೆ ಇದ್ರೆ ಸಕ್ರಿ ಇಳಿಯದೆ ಎಂತ ಮಾಡುತ್ತ್?"

ಸುಧಾಕರ ಸಿಸ್ಟರ್ ಮುಖ ನೋಡಿದ, ಆಮೇಲೆ ನನ್ನ ಮುಖ. ಹೇಳುವುದಿದ್ದರೆ ಈಗಲೇ ಎಂದುಕೊಂಡೆ. ಸೆರಗಿನ ತುದಿ ಹಿಡಿದುಕೊಂಡು, ನೆಲ ನೋಡುತ್ತ ಹೇಳಿದೆ.

"ಬೈಂದೂರಿಗೆ ಹೋದ್ ದಿನ ನಂಗೆ ಒಪ್ಪತ್ತ್ ಇರ್ಲಿಲ್ಲೆ. ಅದ್ ಸುಳ್ಳ್. ಗಂಡ್ಸ್ರ ಎದ್ರ್ ತಿಂಬುಕೆ ನಾಚ್ಕಿ ಆಯ್ತ್. ತಪ್ಪ್ ನಂದ್, ಮಾತ್ರಿದ್. ಸೈಕಲ್ಲಿಂದಲ್ಲ. ನೀ ಕೀಲಿ ಕೊಡ್."

ಸಿಸ್ಟರ್ ನಕ್ಕರು, ಆದರೆ ಆ ನಗು ನೋವು ಮಾಡುವಂಥದ್ದಲ್ಲ.

ಒಳಗೆ ಡಾಕ್ಟರು ಸಿಸ್ಟರ್ ಬರೆದದ್ದನ್ನು ಓದಿದರು. ಮತ್ತೊಮ್ಮೆ ಓದಿದರು. ಮಾತ್ರೆಯನ್ನು ಬದಲಿಸಿ, ತಿಂಡಿಯ ಜೊತೆಗೇ ತೆಗೆದುಕೊಳ್ಳಿ ಎಂದರು. ತಿಂದು ಹೊರಡಿ, ದಾರಿಯಲ್ಲೂ ತಿನ್ನಿ, ಜೇಬಿನಲ್ಲಿ ಸಿಹಿ ಇಟ್ಟುಕೊಳ್ಳಿ, ಒಬ್ಬರೇ ಹೋಗಬೇಡಿ. ಹಾಗಿದ್ದರೆ ಸೈಕಲ್ ಒಳ್ಳೆಯದೇ ಎಂದರು. ಆರು ವಾರದ ಹಿಂದೆ ಕೆಟ್ಟದ್ದಾಗಿದ್ದು ಈಗ ಒಳ್ಳೆಯದಾಯಿತು. ನನಗೆ ಜೇಬಿಲ್ಲ ಎಂದು ಹೇಳಬೇಕೆಂದಿದ್ದೆ. ಪ್ರೇಮಾ ಆಮೇಲೆ ಬಟ್ಟೆಯ ಚೀಲವೊಂದನ್ನು ಹೊಲಿದುಕೊಟ್ಟಳು, ಸೊಂಟಕ್ಕೆ ಕಟ್ಟಿಕೊಳ್ಳುವಂಥದ್ದು.

ಕೀಲಿ ಮರುದಿನ ಬೆಳಿಗ್ಗೆ ಚಾದ ಲೋಟದ ಪಕ್ಕದಲ್ಲಿತ್ತು. ಸುಧಾಕರ ಟೈರಿಗೆ ಗಾಳಿ ಹಾಕಿಯೂ ಇಟ್ಟಿದ್ದ. ತಪ್ಪಾಯಿತು ಎಂದು ಅವನ ಬಾಯಲ್ಲಿ ಬರಲಿಲ್ಲ. ಗಾಳಿ ಹಾಕಿದನಲ್ಲ, ಇರಲಿ.

ಈಗ ಭಾನುವಾರವೂ ಆರು ಗಂಟೆಗೆ ಗಂಜಿ ಉಣ್ಣುತ್ತೇನೆ. ಅಷ್ಟು ಬೇಗ ಗಂಟಲಲ್ಲಿ ಇಳಿಯುವುದಿಲ್ಲ, ಇಳಿಸುತ್ತೇನೆ. ಕೊಲ್ಲೂರಿನವರೆಗೆ ಹೋಗಬೇಕೆಂದು ಗುಂಪಿನವರು ಹೇಳುತ್ತಿದ್ದಾರೆ. ನಾನು ಇನ್ನೂ ಒಪ್ಪಿಕೊಂಡಿಲ್ಲ. ದೇಹವನ್ನು ಮೊದಲಿನಂತೆ ನಂಬಲು ಆಗುವುದಿಲ್ಲ, ಕೈ ಒಮ್ಮೆ ನಡುಗಿದರೆ ಸಾಕು, ಬ್ರೇಕ್ ಹಿಡಿಯುತ್ತೇನೆ. ಮೀನಿನ ಬುಟ್ಟಿಯ ಹೆಂಗಸರನ್ನು ಕಂಡಾಗಲೆಲ್ಲ ಮುಖ ನೋಡುತ್ತೇನೆ. ಅವಳನ್ನು ಹೇಗೆ ಗುರುತಿಸುವುದು? ಅವಳೇ ನನ್ನನ್ನು ಗುರುತಿಸಲಿ ಎಂದು ನಿಧಾನ ಮಾಡುತ್ತೇನೆ.

ಮೊದಲ ಸಲ ಮತ್ತೆ ಹೊರಟ ದಿನ ತ್ರಾಸಿಯವರೆಗೆ ಮಾತ್ರ ಹೋದೆವು. ಅದೇ ಎಳನೀರು ಅಂಗಡಿ. ಸುಮಿತ್ರಾ ಟೀಚರ್, ಮುಂದೆ ಹೋಗಿ ನಿಲ್ಲುವ ಎಂದರು. ಬೇಡ, ಇಲ್ಲೇ ನಿಲ್ಲುವ ಎಂದೆ. ಸ್ಟ್ಯಾಂಡ್ ಹಾಕಿದೆ. ಅಂಗಡಿಯ ಮುಂದಿನ ಬೆಂಚಿನ ಮೇಲೆ, ರಸ್ತೆಗೆ ಮುಖ ಮಾಡಿ ಕುಳಿತೆ. ಅಂಗಡಿಯವನು ನನ್ನನ್ನೂ ಸೈಕಲ್ಲನ್ನೂ ನೋಡಿ ಕತ್ತಿ ಕೆಳಗಿಟ್ಟ.

"ಅಮ್ಮ, ಈಗ ಹುಶಾರಿದ್ರಿಯಾ?"

"ಹುಶಾರಿದ್ದೆ" ಎಂದೆ.

ಬುಟ್ಟಿಯಿಂದ ಬಾಳೆಹಣ್ಣು ತೆಗೆದು ಸುಲಿದೆ. ಕುತ್ತಿಗೆ ಬಿಸಿಯಾಯಿತು, ಕಿವಿ ಬಿಸಿಯಾಯಿತು. ಬಸ್ಸಿಗೆ ಕಾಯುತ್ತಿದ್ದವರು ನೋಡಿದರು. ಭಾಸ್ಕರರೂ ನೋಡಿದರು. ಒಂದು ಸಾಕಿತ್ತು.

ಎರಡನ್ನೂ ತಿಂದೆ.