ಮೊದಲು ಕೈ, ಆಮೇಲೆ ಹಾಲು

ಬೆಳಗಿನ ಆರು ಗಂಟೆ. ಹಳೆಯ ಬ್ಯಾಟರಿ ಒಡೆದು ಸೀಸ ಕರಗಿಸುವ ಕಾರ್ಖಾನೆಯಿಂದ ರಾತ್ರಿ ಪಾಳಿಯವರು ಹೊರಬರುತ್ತಿದ್ದಾರೆ. ನಲ್ಲಿಗಳ ಸಾಲಿನ ಕೊನೆಯಲ್ಲಿ, ರಬ್ಬರಿನ ಗಂಬೂಟು ಹಾಕಿಕೊಂಡು ಒಬ್ಬ ಹೆಂಗಸು ನಿಂತಿದ್ದಾರೆ. ಕುಲುಮೆಯ ಮೇಸ್ತ್ರಿ ಮೆಲ್ಲಗೆ ಜಾರಿಕೊಳ್ಳಲು ನೋಡುತ್ತಾನೆ.

"ಎಲ್ಲಿಗೆ ಸವಾರಿ? ಉಗುರು ತೋರ್ಸು."

"ತೊಳ್ದೆ ಅಕ್ಕಾ."

"ನೀರಿಗೆ ತೋರಿಸ್ಕೊಂಡು ಬಂದಿದೀಯ ಅಷ್ಟೆ. ನಡಿ ವಾಪಸ್ಸು."

ಆರಡಿ ಆಳು ತೆಪ್ಪಗೆ ನಲ್ಲಿಗೆ ಮರಳುತ್ತಾನೆ. ಎಲ್ಲರ ಬಾಯಲ್ಲಿ ಈಕೆ ಸೋಪಕ್ಕ. ಕೆಲಸದ ಪಟ್ಟಿಯಲ್ಲಿ ಬರೀ ಬಟ್ಟೆ ಒಗೆಯುವವರು. ದಿನಕ್ಕೆ ನಲವತ್ತೆರಡು ಜೊತೆ ಬಟ್ಟೆ. ಒಂದು ಬಟ್ಟೆಯೂ ಗೇಟು ದಾಟುವಂತಿಲ್ಲ, ನೀರಲ್ಲಿ ಅದ್ದುವ ಮೊದಲು ಯಾರೂ ಕೊಡವುವಂತಿಲ್ಲ.

ಈ ಶಿಸ್ತು ಪೆಟ್ಟು ತಿಂದು ಕಲಿತದ್ದು. ಇವರ ಗಂಡ ಹದಿನಾರು ವರ್ಷ ಇದೇ ಕುಲುಮೆಯಲ್ಲಿದ್ದರು. ಹಾಲು ಕುಡಿದರೆ ಸೀಸ ತೊಳೆದುಹೋಗುತ್ತದೆ ಎಂದು ಇಲ್ಲಿ ಎಲ್ಲರೂ ನಂಬಿದ್ದರು. ಅವರೂ ದಿನಕ್ಕೆರಡು ಲೋಟ ತಪ್ಪಿಸಿದವರಲ್ಲ. ಕುಡಿಯುತ್ತಿದ್ದುದು ಮಾತ್ರ ಕುಲುಮೆಯ ಪಕ್ಕದಲ್ಲೇ, ಸೀಸದ ಪುಡಿ ಮೆತ್ತಿದ ಕೈಯಲ್ಲಿ.

"ಔಷಧಿ ಅಂತ ಕುಡೀತಿದ್ರು, ಲೋಟದ ಅಂಚಿಗೆ ವಿಷ ಸವರ್ಕೊಂಡು. ನಾನೇನು ಕಮ್ಮಿ ಜಾಣೆನಾ? ಅದೇ ಬಟ್ಟೇನ ಹಿತ್ತಲಲ್ಲಿ ಪಟಪಟ ಅಂತ ಕೊಡವ್ತಿದ್ದೆ. ನನ್ನ ರಕ್ತದಲ್ಲೂ ಸೀಸ ಸಿಕ್ತು," ಎಂದು ತಮ್ಮನ್ನೇ ಗೇಲಿ ಮಾಡಿಕೊಳ್ಳುತ್ತಾರೆ.

ಐದು ವರ್ಷದ ಹಿಂದೆ ಗಂಡನ ಕಾಲು ಊದಿತು. ಪರೀಕ್ಷಿಸಿದರೆ ಸೀಸದಿಂದಾಗಿ ಮೂತ್ರಪಿಂಡಗಳ ಶಕ್ತಿ ಅರ್ಧಕ್ಕರ್ಧ ಹೋಗಿತ್ತು. ಹೋದದ್ದು ಬಾರದು, ಉಳಿದದ್ದನ್ನು ಕಾಪಾಡಿಕೊಳ್ಳಿ, ಇಲ್ಲದಿದ್ದರೆ ಡಯಾಲಿಸಿಸ್ ಎಂದರು ಡಾಕ್ಟರು. ಗಂಡ ಕುಲುಮೆ ಬಿಟ್ಟು ಗೇಟಿನ ಕೆಲಸಕ್ಕೆ ಬಂದರು. ಸೋಪಕ್ಕ ಮಾಲೀಕರ ಬೆನ್ನು ಹತ್ತಿ ಈ ಒಗೆಯುವ ಕೆಲಸ ಗಿಟ್ಟಿಸಿಕೊಂಡರು. ಇನ್ನೊಬ್ಬಳು ತನ್ನ ಹಿತ್ತಲಲ್ಲಿ ಆ ಬಟ್ಟೆ ಕೊಡವಬಾರದು ಎಂಬ ಹಟ ಅವರದು.

ಈಗ ಹಾಲಿನ ಪಾತ್ರೆ ಇರುವುದು ಇವರ ಬೆನ್ನ ಹಿಂದೆ. "ಕುಡೀಬೇಡಿ ಅನ್ನಲ್ಲ. ಆದ್ರೆ ಹಾಲಿಗೆ ಸೀಸ ತೊಳೆಯೋಕೆ ಬರಲ್ಲ, ಸೋಪಿಗೆ ಬರುತ್ತೆ."

ಗಂಡನಿಗೆ ಮೂರು ತಿಂಗಳಿಗೊಮ್ಮೆ ಪರೀಕ್ಷೆ. ಕಿಡ್ನಿ ಕೆಟ್ಟಷ್ಟೂ ಏರುವ ಕ್ರಿಯಾಟಿನಿನ್ ಅಂಕಿ ಮೊನ್ನೆಯ ವರದಿಯಲ್ಲೂ ಏರಿಲ್ಲ, ಎರಡು ವರ್ಷದಿಂದ ಅಲ್ಲೇ ನಿಂತಿದೆ. ಅದನ್ನು ಹೇಳುವಾಗ ಸೋಪಕ್ಕನ ಮುಖ ಅರಳುತ್ತದೆ. ಇವರ ಕೆಲಸ ನೋಡಲು ಬಂದ ನನಗೂ ಕೇಳಿ ಹಾಯೆನಿಸುತ್ತದೆ.

ಏನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ.

"ಕಿಡ್ನಿ ಡಾಕ್ಟರು ಬಹಳ ಒಳ್ಳೇವ್ರು. ನಮ್ಮೆಜಮಾನ್ರನ್ನ ಹೆಸರು ಹಿಡಿದು ಮಾತಾಡಿಸ್ತಾರೆ, ಅಷ್ಟು ಬಳಕೆ ಆಗ್ಬಿಟ್ಟಿದೆ. ಇಲ್ಲಿರೋ ಇವ್ರಲ್ಲಿ ಒಬ್ರ ಮುಖಾನೂ ಅವ್ರಿಗೆ ಪರಿಚಯ ಆಗ್ಬಾರ್ದು."