ಅಕ್ಕಿಯ ಮೇಲಿನ ಹೆಸರು

ವೀಸಾ ಸಿಕ್ಕಿ, ಅಮೆರಿಕಕ್ಕೆ ಹೋಗಿ, ಅಲ್ಲಿ ಸಂಸಾರ ಹೂಡಿ ವರ್ಷಗಳೇ ಕಳೆದವು. ಆ ಸಿಟ್ಟು ಮಾತ್ರ ಹಾಗೇ ಇದೆ. ಇಳಿಸಿಕೊಳ್ಳುವ ಮನಸ್ಸೂ ನನಗಿಲ್ಲ.

ನನ್ನ ತವರು ನರಸಿಂಹರಾಜಪುರ. ಕೊಟ್ಟಿದ್ದು ಶೃಂಗೇರಿ ಹತ್ತಿರದ ಬೇಗಾರಿನ ಪುರೋಹಿತರ ಮನೆಗೆ. ಆಗ ನಾನು ಕೊಪ್ಪದ ಒಂದು ನರ್ಸಿಂಗ್ ಹೋಮಿನಲ್ಲಿ ಲ್ಯಾಬ್ ಟೆಕ್ನೀಷಿಯನ್. ನಮ್ಮ ಕಡೆ ಸೊಸೆಯನ್ನು ಮನೆ ತುಂಬಿಸಿಕೊಳ್ಳುವಾಗ ಅವಳ ಹೆಸರು ಬದಲಿಸುವ ಪದ್ಧತಿ. ತಟ್ಟೆಯಲ್ಲಿ ಅಕ್ಕಿ ಹರಡುತ್ತಾರೆ, ಗಂಡ ಉಂಗುರದಿಂದ ಅದರ ಮೇಲೆ ಹೊಸ ಹೆಸರು ಬರೆಯುತ್ತಾನೆ. ಯಾವ ಹೆಸರು ಬೇಕು, ಅಸಲಿಗೆ ಬೇಕೋ ಬೇಡವೋ, ಯಾರೂ ನನ್ನನ್ನು ಕೇಳಲಿಲ್ಲ. ಮಾವನವರ ತಾಯಿಯ ಹೆಸರಂತೆ, ಬರೆದರು. ಆ ಅಕ್ಕಿ ಮರುದಿನ ಪಾಯಸವಾಯಿತು, ಹೆಸರು ನನಗೆ ಅಂಟಿಕೊಂಡಿತು.

ಬೇಗಾರಿನಲ್ಲಿ ಆ ಹೆಸರಿಗೆ ಓಗೊಡುತ್ತಿದ್ದೆ. ಬಸ್ಸು ಹತ್ತಿ ಕೊಪ್ಪದಲ್ಲಿ ಇಳಿದರೆ ಹಳೆಯ ಹೆಸರು. ಅಂಕಪಟ್ಟಿ, ಡಿಪ್ಲೊಮಾ, ಪಾಸ್‌ಪೋರ್ಟ್ ಎಲ್ಲದರಲ್ಲೂ ಅಪ್ಪ ಅಮ್ಮ ಇಟ್ಟದ್ದೇ. ನಮ್ಮ ಮನೆಯವರಂತೂ ಎರಡರಲ್ಲಿ ಯಾವುದನ್ನೂ ಬಾಯಿಬಿಟ್ಟು ಹೇಳಿದವರಲ್ಲ. "ಇವಳೇ", "ಕೇಳ್ತಾ" ಅಷ್ಟೇ. ಗಂಡ ಹೆಂಡತಿ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುವುದು ಆ ಮನೆಯಲ್ಲಿ ಇರಲಿಲ್ಲ.

ಅಮೆರಿಕದ ಒಂದು ದೇವಸ್ಥಾನಕ್ಕೆ ಅರ್ಚಕರು ಬೇಕೆಂದು ಪರಿಚಯದವರ ಮೂಲಕ ನಮ್ಮ ಮನೆಯವರಿಗೆ ಕರೆ ಬಂತು. ಮೊದಲು ಅವರು, ಅಲ್ಲಿ ಮನೆ ಸಿಕ್ಕ ಮೇಲೆ ನಾನು ಎಂದು ಮಾತಾಯಿತು. ವೀಸಾ ಅರ್ಜಿಯನ್ನು ಅಪ್ಪ ಮಗ ಜಗಲಿಯಲ್ಲಿ ಕೂತು ತುಂಬಿದರು. ಹೆಂಡತಿಯ ಹೆಸರು ಎಂಬಲ್ಲಿ ಅಕ್ಕಿಯ ಮೇಲಿನ ಹೆಸರನ್ನೇ ಬರೆದರು. ನಾನು ಕೊಪ್ಪದಲ್ಲಿ ಡ್ಯೂಟಿಯಲ್ಲಿದ್ದೆ. ಒಂದು ಫೋನ್ ಮಾಡಿ ಕೇಳೋಣ ಎಂದು ಇಬ್ಬರಿಗೂ ಅನ್ನಿಸಲಿಲ್ಲ.

ಅವರಿಗೆ ವೀಸಾ ಆಯಿತು, ಹೋದರು. ಮುಂಗಾರು ಹಿಡಿಯುವ ಹೊತ್ತಿಗೆ ನಾನು ಕೆಲಸ ಬಿಟ್ಟು, ಅಪ್ಪನ ಜೊತೆ ಚೆನ್ನೈಗೆ ಸಂದರ್ಶನಕ್ಕೆ ಹೋದೆ. ಗಾಜಿನ ಆಚೆ ಕೂತ ಅಧಿಕಾರಿ ಕಾಗದಗಳನ್ನು ಹಿಂದೆ ಮುಂದೆ ತಿರುವಿ ಏನೋ ಕೇಳಿದ. ಪಕ್ಕದಲ್ಲಿದ್ದ ದುಭಾಷಿ ಹೆಂಗಸು ಕನ್ನಡದಲ್ಲಿ ಹೇಳಿದಳು: "ನಿಮ್ಮ ಗಂಡ ಬರೆದಿರೋ ಹೆಂಡತಿ ಬೇರೆ. ಅವರು ಎಲ್ಲಿದ್ದಾರೆ?"

"ಅದೂ ನಾನೇ" ಎಂದೆ. ಮದುವೆಯ ಆಲ್ಬಂ ಬಿಚ್ಚಿ ತೋರಿಸಿದೆ. ಧಾರೆ, ಸಪ್ತಪದಿ, ಕೊನೆಗೆ ಆ ತಟ್ಟೆ. ಆಕೆ ಕಣ್ಣು ಕಿರಿದು ಮಾಡಿ ಅಕ್ಕಿಯ ಮೇಲಿದ್ದುದನ್ನು ಓದಿದಳು. "ಇಲ್ಲೂ ಆ ಹೆಸರೇ ಇದೆ, ನಿಮ್ಮದಿಲ್ಲ." ಮದುವೆ ನೋಂದಣಿಯ ಪತ್ರ ತನ್ನಿ ಎಂದು ಪಾಸ್‌ಪೋರ್ಟ್ ವಾಪಸ್ ಕೊಟ್ಟರು. ನನಗೆ ನಾನೇ ಸವತಿಯಾಗಿ ಊರಿಗೆ ಬಂದೆ.

ನೋಂದಣಿ ಯಾರು ಮಾಡಿಸಿದ್ದರು? ಸುತ್ತಲಿನ ಊರಿಗೆಲ್ಲ ಮದುವೆ ಮಾಡಿಸುವ ಮನೆ, ಅಗ್ನಿಗಿಂತ ದೊಡ್ಡ ಸಾಕ್ಷಿ ಇನ್ಯಾವುದು ಎನ್ನುವ ಮನೆ. ಈಗ ಮಾಡಿಸಬೇಕಾದರೆ ಇಬ್ಬರೂ ಎದುರು ನಿಂತು ಸಹಿ ಹಾಕಬೇಕು. ಅವರಿಗೆ ನವರಾತ್ರಿ ಮುಗಿಯದೆ ರಜೆಯಿಲ್ಲ. ನನ್ನ ಕೆಲಸಕ್ಕೆ ಆಗಲೇ ಬೇರೆಯವಳು ಬಂದಾಗಿತ್ತು. ಅಲ್ಲಿ ಇವರ ಸಂಬಳದಿಂದ ಒಂಟಿ ಗಂಡಸಿನ ದರದಲ್ಲಿ ತೆರಿಗೆ ಹಿಡಿಯುತ್ತಾರೆ ಎಂಬ ಸುದ್ದಿ ಬೇರೆ. ವೀಸಾದವರಿಗೆ ನಾನು ಯಾರೋ, ತೆರಿಗೆಯವರಿಗೆ ಅವರು ಬ್ರಹ್ಮಚಾರಿ. ಇಬ್ಬರ ನಡುವೆ ನಾನು ಬೇಗಾರಿನಲ್ಲಿ ದೋಸೆ ಹಿಟ್ಟು ರುಬ್ಬುತ್ತಿದ್ದೆ.

ಮಾವನವರಿಗೆ ಇದರಲ್ಲಿ ಕಷ್ಟವೇ ಕಾಣಲಿಲ್ಲ. "ಪಾಸ್‌ಪೋರ್ಟಲ್ಲಿ ಹೆಸರು ಬದಲಿಸಿದ್ರೆ ಮುಗೀತಲ್ಲ ಕೂಸೇ. ಕೊಪ್ಪದಲ್ಲಿ ವಕೀಲರ ಹತ್ರ ಅಫಿಡವಿಟ್ ಮಾಡ್ಸು, ಪೇಪರಲ್ಲಿ ಹಾಕ್ಸು. ಇದಕ್ಕೆಂತ ಇಷ್ಟು ರಂಪ?"

ಆ ವಾರ ಫೋನಿನಲ್ಲಿ ಮಗನದ್ದೂ ಅದೇ ರಾಗ. "ಒಂದು ಸಹಿ ಅಲ್ವನೇ? ಹಾಕ್ಬಿಡು. ಬೇಗ ಬರ್ಬಹುದು."

ನನಗೆ ಮೈಯೆಲ್ಲ ಉರಿದುಹೋಯಿತು. ನನಗೆ ಸಿಗುವ ವೀಸಾದಲ್ಲಿ ಕೆಲಸ ಮಾಡುವ ಹಾಗಿಲ್ಲ ಎಂದು ಗೊತ್ತಿತ್ತು. ಅದಕ್ಕೂ ಹೂಂ ಅಂದಿದ್ದೆ. ಈಗ ಉಳಿದ ಹೆಸರನ್ನೂ ಕಳಚಿಟ್ಟು ಬಾ ಎನ್ನುತ್ತಿದ್ದರು. "ಹೆಸರು ಬದಲಿಸಿದ್ರೆ ನನ್ನ ಡಿಪ್ಲೊಮಾ ಯಾರದ್ದು?" ಎಂದು ಕೂಗಿದೆ. "ಓದಿದ್ದು ಒಬ್ಬಳು, ಅಲ್ಲಿಗೆ ಬರೋದು ಇನ್ನೊಬ್ಬಳಾ? ತಪ್ಪು ಬರ್ದಿದ್ದು ನೀವು. ಬಂದು ನೀವೇ ತಿದ್ದಿ. ಅಲ್ಲಿವರೆಗೆ ನಾನು ಬರೋದಿಲ್ಲ."

ಫೋನ್ ಇಟ್ಟೆ. ಅವರು ಬರದೇ ಹೋದರೆ ಏನು ಗತಿ ಎಂಬ ಹೆದರಿಕೆ ಇಲ್ಲದೇ ಇರಲಿಲ್ಲ. ಅತ್ತೆ ಅಡುಗೆಮನೆಯಿಂದ ಇಣುಕಿ ಒಳಗೆ ಹೋದರು. ಮರುದಿನ ಬ್ಯಾಗು ಹಿಡಿದು ತವರಿಗೆ ಹೊರಟೆ.

ನವರಾತ್ರಿ ಮುಗಿಸಿ ಅವರು ಬಂದರು. ಮದುವೆ ನಡೆದದ್ದು ತವರಿನಲ್ಲಿ, ಹಾಗಾಗಿ ನೋಂದಣಿಯೂ ನರಸಿಂಹರಾಜಪುರದ ಕಚೇರಿಯಲ್ಲೇ. ಬೆಂಚಿನ ಮೇಲೆ ಅಪ್ಪ, ಮಾವ ಇಬ್ಬರೂ ಸಾಕ್ಷಿಗಳಾಗಿ ಬಿಗುಮಾನದಿಂದ ಕೂತಿದ್ದರು. ಗುಮಾಸ್ತರು ಅಂಗವಸ್ತ್ರ ಹೊದ್ದ ಇವರನ್ನು ನೋಡಿ, ಪೆನ್ನು ಹಿಡಿದು ಕೇಳಿದರು: "ಹೆಂಡ್ತಿ ಹೆಸರು ಹೇಳಿ ಭಟ್ರೆ."

ದೇವಿಯ ಸಾವಿರ ಹೆಸರನ್ನು ಎಲ್ಲೂ ತಡವರಿಸದೆ ಹೇಳುವವರು ಬಾಯಿ ತೆರೆದು ಸುಮ್ಮನಾದರು. ನನ್ನ ಕಡೆ ತಿರುಗಿದರು. "ನೀನೇ ಹೇಳೇ" ಎಂದರು.

ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತಾ ನಿಂತೆ. ಮಾವ ಕೆಮ್ಮಿದರು. ಗುಮಾಸ್ತರು ಪೆನ್ನಿನ ತುದಿಯಿಂದ ಮೇಜು ಕುಟ್ಟಿದರು. ಇವರು ಕಿವಿಯವರೆಗೆ ಕೆಂಪಾಗಿ, ನೆಲ ನೋಡುತ್ತಾ, ಕೊನೆಗೂ ಹೇಳಿದರು. ಅಪ್ಪ ಅಮ್ಮ ಇಟ್ಟ ಹೆಸರು. ಆ ಬಾಯಲ್ಲಿ ಅದನ್ನು ಕೇಳಿದ್ದು ಅದೇ ಮೊದಲು.

ಗುಮಾಸ್ತರು ಬರೆದುಕೊಂಡರು. "ಆಯ್ತು, ಸಹಿ ಹಾಕಿ."

"ತಡೀರಿ" ಎಂದೆ. ಇವರ ಕಡೆ ತಿರುಗಿದೆ. "ನಂಗೆ ಸರಿಯಾಗಿ ಕೇಳ್ಲಿಲ್ಲ. ಇನ್ನೊಂದು ಸಲ ಹೇಳಿ."