ಸೋಲಾರಿಗೆ ಟಾರ್ಪಾಲು ಹೊದಿಸಿದ ಮನೆ

ಏನು ಕಂಡರೂ ‘ಯಾಕೆ’ ಎಂದು ಕೇಳದಿದ್ದರೆ ಸರಸ್ವತಿಗೆ ಉಂಡದ್ದು ಅರಗುತ್ತಿರಲಿಲ್ಲ. ಮದುವೆಯಾಗಿ ಮಲೆನಾಡಿನ ಸಂಸೆ ಊರಿನ ಹತ್ತಿರದ ಈ ಮನೆಗೆ ಬಂದ ಹೊಸದರಲ್ಲೇ, ಒಲೆಯ ಹೊಗೆ ಯಾವಾಗಲೂ ಒಂದೇ ಕಡೆ ಯಾಕೆ ಹೋಗುತ್ತದೆ ಎಂದು ಮಾವನನ್ನು ಕೇಳಿದ್ದಳು. ಮಾವ ಒಮ್ಮೆ ಒಲೆಯನ್ನು, ಒಮ್ಮೆ ಸೊಸೆಯನ್ನು ನೋಡಿ ತೋಟಕ್ಕೆ ಹೊರಟುಹೋದರಂತೆ.

ಹಳ್ಳದಾಚೆಯ ಆ ಮನೆಗೆ ತೊಂಬತ್ತೇಳನೇ ಇಸವಿಯಾದರೂ ಕರೆಂಟಿನ ತಂತಿ ಬಂದಿರಲಿಲ್ಲ. ಚಿಕ್ಕಮಗಳೂರಿನ ಮೆಕ್ಯಾನಿಕ್ ವಿವೇಕ ಜೀಪಿನಲ್ಲಿ ಸೋಲಾರ್ ದೀಪ ತಂದ. ಕಾಫಿ ಒಣಗಿಸುವ ಕಣದ ಪಕ್ಕ ಕಂಬ ನೆಟ್ಟು ಪ್ಯಾನೆಲ್ ಕೂರಿಸಿದ, ಜಗಲಿಯಲ್ಲಿ ಬ್ಯಾಟರಿ ಇಟ್ಟ, ಊಟದ ಕೋಣೆಗೆ ಒಂದು ಟ್ಯೂಬು ಹಾಕಿದ. “ಕೊಯ್ಲು ಮುಗಿಯೋವರೆಗೆ ನೋಡಿ. ಸರಿಬರದಿದ್ರೆ ವಾಪಸ್ ಒಯ್ತೇನೆ” ಎಂದು ಹೇಳಿ ಹೋದ.

ಸರಸ್ವತಿಗೆ ಬೇಕಿದ್ದದ್ದು ಒಂದೇ. ಗಂಡಸರು ಉಂಡೆದ್ದ ಮೇಲೆ ಅವಳ ಊಟ, ಅಷ್ಟರಲ್ಲಿ ಚಿಮಣಿ ದೀಪವನ್ನು ಯಾರಾದರೂ ಜಗಲಿಗೆ ಒಯ್ದಿರುತ್ತಿದ್ದರು. ಒಲೆಯ ಕೆಂಡದ ಬೆಳಕಿನಲ್ಲಿ ಕೈಗೆ ಸಿಕ್ಕಿದ್ದನ್ನು ಉಂಡು ಇಷ್ಟು ವರ್ಷ ಕಳೆದಿದ್ದಳು. ತನ್ನ ಎಲೆಯನ್ನು ತಾನು ನೋಡಿಕೊಂಡು ಉಣ್ಣಬೇಕು, ಅಷ್ಟೇ ಆಸೆ. ಯಾರ ಹತ್ತಿರವೂ ಹೇಳಿರಲಿಲ್ಲ, ಹೇಳಿದ್ದರೆ ನಗುತ್ತಿದ್ದರು.

ಆದರೆ ಆ ಟ್ಯೂಬೋ, ಗಂಡಸರು ಮಜ್ಜಿಗೆಗೆ ಬರುವಷ್ಟರಲ್ಲೇ ಕಣ್ಣು ಮುಚ್ಚುತ್ತಿತ್ತು.

“ನಮ್ಮೂರಿನ ಬಿಸಿಲಿಗೆ ಇದೆಲ್ಲ ಆಗೋದಲ್ಲ ಮಾರಾಯ್ತಿ. ವಿವೇಕ ಬಂದಾಗ ಕಳಿಸಿಬಿಡೋಣ” ಎಂದ ಗಂಡ ಕಾಶೀನಾಥ. ಸರಸ್ವತಿ ಅವತ್ತೂ ಕೆಂಡದ ಬೆಳಕಿನಲ್ಲೇ ಎಲೆ ಹಾಕಿಕೊಂಡಳು.

ಹಾಗಂತ ಕಾಶೀನಾಥ ಪ್ಯಾನೆಲ್ಲನ್ನು ಅಸಡ್ಡೆ ಮಾಡಿದವನಲ್ಲ. ಕಾಫಿ ಒಣಗಿಸುವುದರಲ್ಲಿ ಅವನದು ಎತ್ತಿದ ಕೈ. ಸಂಜೆ ಕಾಫಿಯನ್ನು ರಾಶಿ ಮಾಡಿ ಟಾರ್ಪಾಲು ಹೊದಿಸಿದರೆ, ಬೆಳಗ್ಗೆ ಇಬ್ಬನಿ ಆರಿ ಬಿಸಿಲು ಚುರುಗುಟ್ಟುವವರೆಗೆ ತೆಗೆಯುವ ಮಾತೇ ಇಲ್ಲ. ಮೋಡ ಕವಿದರೆ ಇಡೀ ದಿನ ಮುಚ್ಚಿಯೇ ಇರಬೇಕು. ಪ್ಯಾನೆಲ್ಲೂ ಬಿಸಿಲಿಗಿಡುವ ವಸ್ತುವೇ ತಾನೇ! ಅದಕ್ಕೂ ಅದೇ ಉಪಚಾರ ನಡೆಯಿತು. ಬಾಣಂತಿಗೆ ಹೊದಿಸಿದ ಹಾಗೆ ಬೆಚ್ಚಗೆ ಹೊದಿಸಿದ.

ಒಂದು ಮೋಡದ ಬೆಳಗ್ಗೆ ಸರಸ್ವತಿ ಜಗಲಿಯಲ್ಲಿ ಕುಳಿತು ಸೂಜಿಗೆ ದಾರ ಪೋಣಿಸುತ್ತಿದ್ದಳು. ಬಿಸಿಲಿಲ್ಲ, ಆದರೂ ಸೂಜಿಯ ಕಣ್ಣು ಕಾಣುತ್ತಿದೆಯಲ್ಲ! ಹಾಗಾದರೆ ಆ ಪ್ಯಾನೆಲ್ಲಿಗೆ ಬೇಕಾದದ್ದು ಬಿಸಿಯೋ, ಬೆಳಕೋ?

ಕಣಕ್ಕೆ ಓಡಿ ಟಾರ್ಪಾಲು ಎಳೆದಳು. ಬಂದು ನೋಡಿದರೆ ಬ್ಯಾಟರಿಯ ಮೇಲಿನ ಪೆಟ್ಟಿಗೆಯಲ್ಲಿ, ಚಾರ್ಜ್ ಆಗುತ್ತಿದೆ ಎಂದು ತೋರಿಸುವ ಪುಟ್ಟ ಹಸಿರು ದೀಪ ಹತ್ತಿತ್ತು. ನಂಬಿಕೆ ಬರಲಿಲ್ಲ. ಓಡಿಹೋಗಿ ಮುಚ್ಚಿ ಬಂದಳು, ದೀಪ ಆರಿತ್ತು. ಮತ್ತೆ ತೆಗೆದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿಂದೆ ಮುಂದೆ ಓಡುತ್ತಿದ್ದ ಹೆಂಡತಿಯನ್ನು ಕಂಡು ಕಾಶೀನಾಥ ಗಾಬರಿಯಾದ.

“ಎಂಥ ಆಯ್ತೇ ನಿಂಗೆ? ಮುಚ್ಚು ಅದನ್ನ, ಮಂಜಿಗೆ ಬೂಷ್ಟು ಹಿಡಿಯತ್ತೆ!”

“ಗಾಜಿಗೆ ಎಂಥ ಬೂಷ್ಟು? ಅದೇನು ಕಾಫಿ ಬೀಜವಾ? ನೀವಿಲ್ಲಿ ಈ ಹಸಿರು ದೀಪ ನೋಡ್ತಾ ನಿಂತ್ಕೊಳ್ಳಿ, ನಾನು ಮುಚ್ಚಿ ತೆಗೀತೇನೆ.”

ಕಾಶೀನಾಥ ನಿಂತು ನೋಡಿದ. ದೀಪ ಆರಿತು, ಹತ್ತಿತು, ಮತ್ತೆ ಆರಿತು. ಅವನು ಪೆಚ್ಚುನಗೆ ನಕ್ಕು, ಪ್ಯಾನೆಲ್ಲಿನ ಟಾರ್ಪಾಲನ್ನು ಮಡಚಿ ಅಟ್ಟಕ್ಕೆ ಹಾಕಿದ.

ಕೆಲವೇ ದಿನಗಳಲ್ಲಿ ಬ್ಯಾಟರಿ ಚೇತರಿಸಿಕೊಂಡಿತು. ಒಂದು ರಾತ್ರಿ ಗಂಡಸರು ಉಂಡೆದ್ದರೂ ಟ್ಯೂಬು ಉರಿಯುತ್ತಲೇ ಇತ್ತು. ಸರಸ್ವತಿ ಎಲೆ ಹಾಕಿಕೊಂಡು ಕುಳಿತಳು. ಖುಷಿಯಿಂದ ಎಲೆಯನ್ನು ಒಮ್ಮೆ ಕಣ್ತುಂಬ ನೋಡಿಕೊಂಡಳು. ದೀಪ ಇನ್ನೂ ಇದೆಯೇ ಎಂದು ನೋಡಲು ಬಂದ ಕಾಶೀನಾಥ ಬಾಗಿಲಲ್ಲೇ ನಿಂತುಬಿಟ್ಟ. ಅವಳ ಎಲೆಯಲ್ಲಿ ಅನ್ನ, ಉಪ್ಪಿನಕಾಯಿ, ಒಂದಿಷ್ಟು ನೀರುಮಜ್ಜಿಗೆ ಮಾತ್ರ ಇತ್ತು.

“ಹುಳಿ, ಪಲ್ಯ ಎಲ್ಲ ಎಲ್ಲಿ?”

“ಮುಗೀತು.”

“ಇವತ್ತು ಮಾತ್ರವಾ?”

“ದಿನಾನೂ. ನಿಮಗೆ ಕಾಣ್ತಿರ್ಲಿಲ್ಲ ಅಷ್ಟೆ.”

ಕಾಶೀನಾಥನಿಗೆ ನಾಚಿಕೆಯಾಯಿತು. ಮರುದಿನ ಊಟದ ಹೊತ್ತಿಗೆ ಅವನೇ ಒಂದು ಎಲೆ ಹೆಚ್ಚಿಗೆ ಹಾಕಿದ. ಮಾವ ತಲೆಯೆತ್ತಿ ನೋಡಿ, ತಮ್ಮ ಎಲೆಯನ್ನು ತುಸು ಸರಿಸಿ ಜಾಗ ಮಾಡಿದರು. “ನೀನೂ ಕೂತ್ಕೋ” ಎಂದು ಹೆಂಡತಿಯ ಕೈಯಿಂದ ಸೌಟು ತೆಗೆದುಕೊಂಡವನು, ಹುಳಿಯ ತಳ ಕೆದಕಿ, ದೊಡ್ಡ ಹೋಳುಗಳನ್ನೇ ಆರಿಸಿ ಮೊದಲು ಅವಳ ಎಲೆಗೆ ಬಡಿಸಿದ.